ಬಾಲವೇ ಕರಣೆ, ಹಲ್ಲೇ ಕೊಡಲಿ: ಬೀವರ್‌ನ ಹಳೇ ಚಿತ್ರಗಳನ್ನು ಓದುವುದು ಹೇಗೆ

ಮುಂದೆ ಮರ ಕಡಿಯುವವರು. ಅವರ ಹಿಂದೆ ದಿಮ್ಮಿ ಹೊತ್ತವರ ಸಾಲು. ಇನ್ನೊಂದು ಕಡೆಯಿಂದ ಗಾರೆ ಬರುತ್ತಿದೆ. ದೂರದಲ್ಲಿ ನಯಾಗರ ಜಲಪಾತ ಸುರಿಯುತ್ತಿದೆ. ಯಾವುದೋ ದೊಡ್ಡ ಕಟ್ಟಡದ ಸೈಟ್ ಇರಬೇಕು ಅನಿಸುತ್ತದೆ. ಆದರೆ ಕಣ್ಣು ಹತ್ತಿರ ಒಯ್ದು ನೋಡಿದರೆ ಕೆಲಸದವರೆಲ್ಲ ಪ್ರಾಣಿಗಳು. ದಿಮ್ಮಿ ಅವುಗಳ ಹೆಗಲ ಮೇಲಿದೆ, ಗಾರೆ ಬಾಲದ ಮೇಲಿದೆ. ಮರ ಕಡಿಯುವುದಕ್ಕೆ ಕೊಡಲಿ ಇಲ್ಲ, ಹಲ್ಲೇ ಸಾಕು.

ಇದು 1715ರ ತಾರೀಖು ಹೊತ್ತ ಒಂದು ನಕ್ಷೆಯ ಮೂಲೆಯಲ್ಲಿರುವ ಚಿತ್ರ. ಲಂಡನ್ನಿನಲ್ಲಿ ನಕ್ಷೆ ಮಾಡುತ್ತಿದ್ದ ಹರ್ಮನ್ ಮಾಲ್ ಎಂಬಾತ ಉತ್ತರ ಅಮೆರಿಕದಲ್ಲಿ ಬ್ರಿಟನ್ ರಾಜನಿಗೆ ಸೇರಿದ ಜಾಗಗಳನ್ನು ತೋರಿಸಲು ಇದನ್ನು ಮಾಡಿದ. ಗಡಿ, ನದಿ, ಊರು ಎಲ್ಲ ಇದೆ. ಆದರೆ ಜನ ನೆನಪಿಟ್ಟುಕೊಂಡದ್ದು ಮೂಲೆಯ ಆ ಪ್ರಾಣಿಗಳನ್ನೇ. ಹಳೇ ನಕ್ಷೆ ಸಂಗ್ರಹಿಸುವವರು ಇವತ್ತಿಗೂ ಇದನ್ನು ‘ಬೀವರ್ ನಕ್ಷೆ’ ಅಂತಲೇ ಕರೆಯುತ್ತಾರೆ.

ನಾನು ಇದನ್ನು ಮೊದಲು ನೋಡಿದ್ದು ಫೋನಿನಲ್ಲಿ, ಎರಡು ಬೆರಳಲ್ಲಿ ಹಿಗ್ಗಿಸಿಕೊಂಡು. ಮೊದಲು ನಗು ಬಂತು. ಆಮೇಲೆ ಒಂದು ಪ್ರಶ್ನೆ ಬಂತು. ಮಾಲ್ ದಡ್ಡನಲ್ಲ, ಅಕ್ಷಾಂಶ ರೇಖಾಂಶ ಲೆಕ್ಕ ಹಾಕುವವನು. ಅಂಥವನು ಒಂದು ಪ್ರಾಣಿಯನ್ನು ಹೀಗೆ ಯಾಕೆ ತೋರಿಸಿದ? ಸುಮ್ನೆ ತಮಾಷೆಗಾ? ಅಲ್ಲ. ಅವನು ನಂಬಿಯೇ ಹಾಕಿದ್ದು. ಆ ನಂಬಿಕೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ, ಹಳೇ ಕಾಲದ ಪ್ರಾಣಿಚಿತ್ರಗಳು ತಯಾರಾಗುತ್ತಿದ್ದ ರೀತಿಯೇ ಬಿಚ್ಚಿಕೊಳ್ಳುತ್ತದೆ.

ಇಂಥ ಚಿತ್ರ ನೋಡಿದಾಗ ‘ಸರಿಯಾಗಿದೆಯಾ, ತಪ್ಪಾಗಿದೆಯಾ’ ಅಂತ ಕೇಳಿದರೆ ಜಾಸ್ತಿ ದೂರ ಹೋಗಲಾಗುವುದಿಲ್ಲ. ‘ಬರೆದವನ ಮೇಜಿನ ಮೇಲೆ ಏನಿತ್ತು’ ಅಂತ ಕೇಳಬೇಕು. ಯಾರೋ ಹೇಳಿದ ಕಥೆಯಾ? ಒಣಗಿದ ಚರ್ಮವಾ? ಇನ್ನೊಬ್ಬ ಬರೆದ ಚಿತ್ರವಾ? ಸತ್ತ ಪ್ರಾಣಿಯಾ? ಇಲ್ಲಾ ಜೀವಂತ ಪ್ರಾಣಿಯಾ? ಬೀವರ್‌ನ ವಿಷಯದಲ್ಲಿ ಈ ಐದೂ ನಡೆದಿವೆ.

ಮೊದಲು ಪ್ರಾಣಿಯ ಪರಿಚಯ

ನಮ್ಮ ದೇಶದಲ್ಲಿ ಬೀವರ್ ಇಲ್ಲ. ಕನ್ನಡದಲ್ಲಿ ಅದಕ್ಕೆ ಹೆಸರೂ ಇಲ್ಲ. ಕೆಲವರು ನೀರುನಾಯಿ ಅಂದುಬಿಡುತ್ತಾರೆ, ಅದು ತಪ್ಪು. ಕಾವೇರಿ, ತುಂಗಭದ್ರೆಯಲ್ಲಿ ಕಾಣುವ ನೀರುನಾಯಿ ಮೀನು ಹಿಡಿದು ತಿನ್ನುವ ಪ್ರಾಣಿ. ಬೀವರ್ ಮೀನು ಮುಟ್ಟುವುದೇ ಇಲ್ಲ. ಮರದ ತೊಗಟೆ, ಎಳೆ ರೆಂಬೆ, ಎಲೆ, ನೀರಿನ ಗಿಡ ಇಷ್ಟೇ ಅದರ ಊಟ. ಅದು ಇಲಿ, ಅಳಿಲು, ಹೆಗ್ಗಣಗಳ ಗುಂಪಿನದು, ಅಂದರೆ ದಂಶಕ. 20 ಕಿಲೋ ತೂಗುವ, ಚಪ್ಪಟೆ ಬಾಲದ, ನೀರಲ್ಲಿ ಈಜುವ ಒಂದು ಹೆಗ್ಗಣ ಅಂದುಕೊಳ್ಳಿ. ಇದಕ್ಕಿಂತ ದೊಡ್ಡ ದಂಶಕ ಇವತ್ತು ಜಗತ್ತಿನಲ್ಲಿ ಒಂದೇ ಇದೆ, ದಕ್ಷಿಣ ಅಮೆರಿಕದ ಕ್ಯಾಪಿಬಾರಾ.

ಬೀವರ್‌ನ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಹಲ್ಲಿನ ಮುಂಭಾಗದಲ್ಲಿ ಕಬ್ಬಿಣದ ಅಂಶ ಇರುವುದರಿಂದ ಬಣ್ಣ ಕಿತ್ತಳೆ. ಹಿಂಭಾಗ ಮೆತ್ತಗೆ, ಬೇಗ ಸವೆಯುತ್ತದೆ. ಹಾಗಾಗಿ ಉಳಿಯ ಹಾಗೆ ಅಂಚು ತಾನಾಗೇ ಹರಿತವಾಗಿರುತ್ತದೆ. ಹಿಂಗಾಲಿಗೆ ಬಾತುಕೋಳಿಯ ಹಾಗೆ ಬೆರಳುಗಳ ನಡುವೆ ಚರ್ಮ. ಬಾಲಕ್ಕೆ ಕೂದಲಿಲ್ಲ, ಹುರುಪೆಯಂಥ ಗುರುತುಗಳು. ಈಜುವಾಗ ದಿಕ್ಕು ತಿರುಗಿಸಲು, ನಿಂತು ಮರ ಕಡಿಯುವಾಗ ಊರುಗೋಲಾಗಿ, ಚಳಿಗಾಲಕ್ಕೆ ಕೊಬ್ಬು ಕೂಡಿಡಲು, ಅಪಾಯ ಬಂದರೆ ನೀರಿಗೆ ಪಟಾರನೆ ಬಡಿದು ಎಚ್ಚರಿಸಲು ಆ ಬಾಲ ಬೇಕು. ಗಾರೆ ಹೊರಲು ಮಾತ್ರ ಅಲ್ಲ. ಕೆಸರು, ಕಲ್ಲನ್ನು ಅದು ಮುಂಗಾಲಲ್ಲಿ ಎದೆಗೆ ಅವಚಿಕೊಂಡು ಒಯ್ಯುತ್ತದೆ.

ಒಡ್ಡು ಕಟ್ಟುವುದಂತೂ ನಿಜ. ರೆಂಬೆ, ಕಲ್ಲು, ಕೆಸರು ಹಾಕಿ ತೊರೆಗೆ ಅಡ್ಡ ಕಟ್ಟುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟದವರು ಹೊಳೆಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ವರ್ಷ ವರ್ಷ ಹಾಕುವ ‘ಕಟ್ಟ’ ನೋಡಿದ್ದರೆ, ಹೆಚ್ಚುಕಡಿಮೆ ಅದೇ ಥರ. ಅವರಿಗೆ ನೀರು ಬೇಕಿರುವುದು ತೋಟಕ್ಕೆ, ಬೀವರ್‌ಗೆ ಮನೆಯ ಬಾಗಿಲಿಗೆ. ಅದರ ಗೂಡಿನ ಬಾಗಿಲು ನೀರೊಳಗೆ ಇರುತ್ತದೆ. ನೀರು ಇಳಿದರೆ ತೋಳ ಬಂದು ನಿಲ್ಲುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಬೀವರ್ ಹೆಚ್ಚಾಗಿ ಕತ್ತಲಾದ ಮೇಲೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮರ ಬಿದ್ದಿರುತ್ತದೆ, ಒಡ್ಡು ಎದ್ದಿರುತ್ತದೆ, ಮಾಡಿದವರು ಕಾಣುವುದಿಲ್ಲ. ಕೆಲಸ ಕಾಣುತ್ತದೆ, ಕೆಲಸಗಾರ ಕಾಣುವುದಿಲ್ಲ. ಆ ಖಾಲಿ ಜಾಗದಲ್ಲೇ ಕಥೆ ಹುಟ್ಟುವುದು.

ಕಿವಿಯಿಂದ ಬರೆದ ಚಿತ್ರ

ತುಂಬ ಹಳೆಯ ಬೀವರ್ ಚಿತ್ರಗಳಲ್ಲಿ ಒಡ್ಡೂ ಇಲ್ಲ, ಚಪ್ಪಟೆ ಬಾಲವೂ ಇಲ್ಲ. 12, 13ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಪ್ರಾಣಿಗಳ ಬಗ್ಗೆ ಕೈಬರಹದ ಚಿತ್ರಪುಸ್ತಕಗಳು ಬಹಳ ತಯಾರಾದವು. ಪುಟಕ್ಕೊಂದು ಪ್ರಾಣಿ, ಅದರ ಗುಣ, ಅದರಿಂದ ಕ್ರೈಸ್ತರು ಕಲಿಯಬೇಕಾದ ನೀತಿ. 1200ರ ಸುಮಾರಿನ, ಈಗ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿರುವ ಪುಸ್ತಕ ಅಂಥದ್ದರಲ್ಲಿ ಹೆಸರಾದದ್ದು. ಇಂಥ ಪುಸ್ತಕಗಳ ಬೀವರ್ ನೋಡಲು ನಾಯಿಯ ಹಾಗಿರುತ್ತದೆ. ಹಿಂದೆ ಬೇಟೆಗಾರ ಬರುತ್ತಿರುತ್ತಾನೆ. ಬೀವರ್ ತಲೆಯನ್ನು ಹಿಂದಕ್ಕೆ ಬಗ್ಗಿಸಿ ತನ್ನ ಬೀಜವನ್ನು ತಾನೇ ಕಚ್ಚಿ ಕಿತ್ತುಕೊಳ್ಳುತ್ತಿರುತ್ತದೆ.

ಹೌದು, ಸರಿಯಾಗೇ ಓದಿದಿರಿ. ಕಥೆ ಹೀಗಿದೆ: ಬೀವರ್‌ನ ಬೀಜದಲ್ಲಿ ಔಷಧಿ ಇದೆ, ಬೇಟೆಗಾರ ಬರುವುದು ಅದಕ್ಕೇ. ಇದು ಬೀವರ್‌ಗೂ ಗೊತ್ತು. ಓಡಿ ತಪ್ಪಿಸಿಕೊಳ್ಳಲಾಗದು ಅಂದಾಗ ಅದು ಅದನ್ನೇ ಕಚ್ಚಿ ಎಸೆದು ಜೀವ ಉಳಿಸಿಕೊಳ್ಳುತ್ತದೆ. ಮುಂದೆ ಇನ್ನೊಬ್ಬ ಬೇಟೆಗಾರ ಬಂದರೆ ಎದ್ದು ನಿಂತು ‘ನೋಡಪ್ಪಾ, ನನ್ನ ಹತ್ತಿರ ಏನೂ ಇಲ್ಲ’ ಅಂತ ತೋರಿಸುತ್ತದೆ. ನೀತಿ: ಮನುಷ್ಯನೂ ತನ್ನ ಕೆಟ್ಟ ಚಟಗಳನ್ನು ಕತ್ತರಿಸಿ ಸೈತಾನನ ಮುಖಕ್ಕೆ ಎಸೆಯಬೇಕು, ಆಗ ಅವನು ಬೆನ್ನು ಬಿಡುತ್ತಾನೆ.

ಈ ಕಥೆ ಈಸೋಪನ ನೀತಿಕಥೆಗಳಲ್ಲಿದೆ, ರೋಮಿನ ಪ್ಲಿನಿಯ ಗ್ರಂಥದಲ್ಲಿದೆ. 7ನೇ ಶತಮಾನದಲ್ಲಿ ಸೆವಿಲ್ಲೆಯ ಇಸಿಡೋರ್ ಎಂಬ ಪಾದ್ರಿ ಇದಕ್ಕೆ ಪದದ ಬೆಂಬಲವನ್ನೂ ಕೊಟ್ಟ: ಬೀವರ್‌ಗೆ ‘ಕ್ಯಾಸ್ಟರ್’ ಅನ್ನುವುದೇ ಬೀಜ ತೆಗೆಯುವ ಕೆಲಸಕ್ಕಿರುವ ಲ್ಯಾಟಿನ್ ಮಾತಿನಿಂದ ಅಂದ. ಅದು ತಪ್ಪು, ‘ಕ್ಯಾಸ್ಟರ್’ ಗ್ರೀಕಿನಿಂದ ಬಂದ ಪದ. ಆದರೆ ಕೇಳಲು ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ?

ತಮಾಷೆ ಏನೆಂದರೆ 1ನೇ ಶತಮಾನದಲ್ಲೇ ಡಯೋಸ್ಕೊರಿಡೀಸ್ ಎಂಬ ಗ್ರೀಕ್ ವೈದ್ಯ ಇದನ್ನು ಸುಳ್ಳು ಅಂದಿದ್ದ. ಬೀಜ ಹೊರಗೆ ತೂಗುವುದೇ ಇಲ್ಲ, ಬಾಯಿಗೆ ಸಿಗುವುದಾದರೂ ಹೇಗೆ ಅನ್ನುವುದು ಅವನ ವಾದ. ಅವನು ಹೇಳಿದ್ದು ಸರಿ. ಗಂಡು ಬೀವರ್‌ನ ವೃಷಣ ದೇಹದ ಒಳಗೇ ಇರುತ್ತದೆ. ಔಷಧಿಗೆ ಬೇಕಾದ ವಸ್ತು ಬರುವುದು ಬಾಲದ ಬುಡದ ಹತ್ತಿರ ಇರುವ ಎರಡು ಚೀಲಗಳಿಂದ. ಗಂಡಿಗೂ ಇವೆ, ಹೆಣ್ಣಿಗೂ ಇವೆ. ತನ್ನ ಜಾಗಕ್ಕೆ ವಾಸನೆಯ ಗುರುತು ಹಾಕಲು ಬೀವರ್ ಇದನ್ನು ಬಳಸುತ್ತದೆ. ಬೇಟೆಗಾರರು ಈ ಚೀಲಗಳನ್ನು ಒಣಗಿಸಿ ಮಾರುತ್ತಿದ್ದರು. ಒಣಗಿದ ಜೋಡಿ ಚೀಲ ಕೈಗೆ ಬಂದಾಗ ಪೇಟೆಯವರಿಗೆ ಅದು ಏನಾಗಿ ಕಂಡಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಡಯೋಸ್ಕೊರಿಡೀಸನ ಮಾತು ಪುಸ್ತಕದಲ್ಲಿದ್ದೂ ಚಿತ್ರ ಬದಲಾಗಲಿಲ್ಲ. 1646ರಲ್ಲಿ ಥಾಮಸ್ ಬ್ರೌನ್ ಎಂಬ ಇಂಗ್ಲಿಷ್ ವೈದ್ಯ ಜನರ ತಪ್ಪು ನಂಬಿಕೆಗಳ ಬಗ್ಗೆ ಬರೆದಾಗ, ಈ ಕಥೆಯನ್ನು ಅಲ್ಲಗಳೆಯಲು ಒಂದು ಇಡೀ ಅಧ್ಯಾಯ ಬೇಕಾಯಿತು. ಮಠದ ಚಿತ್ರಗಾರನನ್ನು ಬೈದು ಪ್ರಯೋಜನವಿಲ್ಲ. ಅವನ ಮೇಜಿನ ಮೇಲೆ ಇದ್ದದ್ದು ಕಥೆ, ಪ್ರಾಣಿ ಅಲ್ಲ. ಅವನು ಬರೆಯಬೇಕಾಗಿದ್ದದ್ದೂ ಕಥೆಯನ್ನೇ. ಬಾಲ ಹೇಗಿತ್ತು ಅನ್ನುವುದು ಆ ಕಥೆಗೆ ಬೇಕಿರಲಿಲ್ಲ, ಅದಕ್ಕೇ ಬಾಲ ತಪ್ಪಿದೆ.

ಈ ಒಣಚೀಲ ನಮ್ಮ ಕಡೆಗೂ ಬಂದಿದೆ. ಯುನಾನಿ ವೈದ್ಯದಲ್ಲಿ ಇದರ ಹೆಸರು ಜುಂದ್ ಬೇದಸ್ತರ್. ನಮ್ಮ ‘ಕಸ್ತೂರಿ’ ಅನ್ನುವ ಪದವೂ ಗ್ರೀಕಿನ ಕ್ಯಾಸ್ಟರ್‌ನಿಂದ ಸಂಸ್ಕೃತಕ್ಕೆ ಬಂದಿರಬಹುದು ಅಂತ ಕೆಲವು ಭಾಷಾತಜ್ಞರು ಹೇಳುತ್ತಾರೆ. ಹಾಗಾದರೆ ಕನ್ನಡ ಕಸ್ತೂರಿ ಅನ್ನುವಾಗಲೆಲ್ಲ ನಾವು ಗೊತ್ತಿಲ್ಲದೆ ಒಂದು ಬೀವರ್ ನೆನೆಯುತ್ತಿದ್ದೇವೆ. ಇನ್ನೊಂದು ನಂಟು ಇದಕ್ಕಿಂತ ಗಟ್ಟಿ. ಇಂಗ್ಲಿಷಿನ ‘ಬೀವರ್’, ಸಂಸ್ಕೃತದ ‘ಬಭ್ರು’ ಎರಡೂ ಒಂದೇ ಬೇರಿನ ಪದಗಳು. ಬಭ್ರು ಅಂದರೆ ಕಂದು ಬಣ್ಣ. ಅರ್ಜುನನ ಮಗ ಬಭ್ರುವಾಹನನ ಹೆಸರಲ್ಲಿ ಇರುವುದೂ ಅದೇ ಬಭ್ರು. ಪ್ರಾಣಿ ಇಲ್ಲಿಗೆ ಬರಲಿಲ್ಲ, ಅದರ ಬಣ್ಣ ಬಂತು.

ಬಾಲ ಮೀನಾದದ್ದು

ಕಥೆಯ ಬೀವರ್‌ಗೆ ನಿಜವಾದ ಬಾಲ ಬಂದದ್ದು ಅಡುಗೆಮನೆಯ ದಾರಿಯಿಂದಲೂ ಹೌದು. ಉಪವಾಸದ ದಿನಗಳಲ್ಲಿ ಕ್ರೈಸ್ತರು ಮಾಂಸ ತಿನ್ನುವಂತಿರಲಿಲ್ಲ, ಮೀನು ತಿನ್ನಬಹುದಿತ್ತು. 1188ರಲ್ಲಿ ವೇಲ್ಸ್ ಸುತ್ತಿದ ಜೆರಾಲ್ಡ್ ಎಂಬ ಪಾದ್ರಿ ಟೈವಿ ನದಿಯ ಬೀವರ್‌ಗಳ ಬಗ್ಗೆ ಬರೆಯುತ್ತಾ, ಜರ್ಮನಿ ಕಡೆಯಲ್ಲಿ ದೊಡ್ಡ ಮನುಷ್ಯರೂ ಧರ್ಮಗುರುಗಳೂ ಉಪವಾಸದಲ್ಲಿ ಬೀವರ್ ಬಾಲ ತಿನ್ನುತ್ತಾರೆ ಅನ್ನುತ್ತಾನೆ. ರುಚಿಯೂ ಬಣ್ಣವೂ ಮೀನಿನದೇ ಅಂತೆ. ಹುರುಪೆ ಇದೆ, ನೀರಲ್ಲಿರುತ್ತದೆ, ಇನ್ನೇನು ಬೇಕು! ಇಂಥ ದಾರಿ ಹುಡುಕುವುದರಲ್ಲಿ ಎಲ್ಲ ಊರಿನವರೂ ಒಂದೇ.

ಇದೇ ಜೆರಾಲ್ಡ್ ಇನ್ನೊಂದು ಕಥೆ ಹೇಳುತ್ತಾನೆ. ಮರ ಸಾಗಿಸಲು ಒಂದು ಬೀವರ್ ಅಂಗಾತ ಮಲಗುತ್ತದೆ, ಉಳಿದವು ಅದರ ಹೊಟ್ಟೆಯ ಮೇಲೆ ದಿಮ್ಮಿ ಹೇರುತ್ತವೆ, ಆಮೇಲೆ ಅದನ್ನೇ ಗಾಡಿಯ ಹಾಗೆ ಎಳೆಯುತ್ತವೆ. ಬೀವರ್‌ಗಳ ನಡುವೆ ಕೆಲಸ ಹಂಚಿಕೆ ಇದೆ, ಆಳೂ ಇದ್ದಾನೆ ಅನ್ನುವ ಯೋಚನೆ ಇಲ್ಲೇ ಶುರುವಾಗಿಬಿಟ್ಟಿದೆ. ಮಾಲ್‌ನ ನಕ್ಷೆಗೆ ಇನ್ನೂ 500 ವರ್ಷ ಇದೆ.

1551ರಲ್ಲಿ ಜ್ಯೂರಿಕ್‌ನ ಕಾನ್ರಾಡ್ ಗೆಸ್ನರ್ ಪ್ರಾಣಿಗಳ ಬಗ್ಗೆ ತನ್ನ ಭಾರೀ ಗ್ರಂಥದ ಮೊದಲ ಸಂಪುಟ ತಂದ. ಅದರಲ್ಲಿರುವ ಬೀವರ್ ಮರದಚ್ಚಿನ ಚಿತ್ರ. ಬಾಲ ಚಪ್ಪಟೆ, ಮೇಲೆ ಹುರುಪೆ. ಹಲ್ಲು ಎದ್ದು ಕಾಣುತ್ತದೆ. ನಾಯಿ ಹೋಗಿ ಬೀವರ್ ಬಂತು ಅನ್ನಬಹುದು. ಆದರೆ ಆ ಹುರುಪೆ ಗಮನಿಸಿ: ಅಚ್ಚುಕಟ್ಟಾಗಿ ಒಂದರ ಮೇಲೊಂದು ಜೋಡಿಸಿದ ಮೀನಿನ ಹುರುಪೆ. ನಿಜದ ಬಾಲದಲ್ಲಿ ಅದು ಚರ್ಮದ ಮೇಲಿನ ಗೆರೆಯ ವಿನ್ಯಾಸ ಮಾತ್ರ, ಸುಲಿದು ತೆಗೆಯಲು ಬರುವುದಿಲ್ಲ. ನನ್ನ ಪ್ರಕಾರ ಇಲ್ಲಿ ಉಪವಾಸದ ಊಟದ ನೆನಪು ಚಿತ್ರಗಾರನ ಕೈ ಹಿಡಿದಿದೆ.

ಮರದಚ್ಚು ಹೇಗೆ ಮಾಡುತ್ತಾರೆ ಅನ್ನುವುದು ಗೊತ್ತಿದ್ದರೆ ಇಂಥ ತಪ್ಪುಗಳು ಬೇಗ ಅರ್ಥವಾಗುತ್ತವೆ. ಚಪ್ಪಟೆ ಹಲಗೆಯ ಮೇಲೆ ಚಿತ್ರ ಬರೆದು, ಗೆರೆ ಬಿಟ್ಟು ಉಳಿದದ್ದನ್ನೆಲ್ಲ ಕೆತ್ತಿ ತೆಗೆಯಬೇಕು. ಉಬ್ಬಿ ನಿಂತ ಗೆರೆಗೆ ಮಸಿ ಹಚ್ಚಿ ಒತ್ತಬೇಕು. ತುಂಬ ತೆಳುವಾದ ಗೆರೆ ಬಿಟ್ಟರೆ ಒತ್ತುವಾಗ ಮುರಿಯುತ್ತದೆ. ಹಾಗಾಗಿ ಬೀವರ್‌ನ ದಟ್ಟ ಮೆತ್ತನೆ ತುಪ್ಪಳ ಮರದಚ್ಚಿನಲ್ಲಿ ಬರುವುದು ಕಷ್ಟ, ಹಂದಿಯ ಕೂದಲಿನ ಹಾಗೆ ಒರಟಾಗಿಬಿಡುತ್ತದೆ. ಅದಕ್ಕೆ ಬದಲು ಹುರುಪೆ, ಉಗುರು, ಹಲ್ಲು ಚೆನ್ನಾಗಿ ಬರುತ್ತವೆ.

ಇನ್ನೊಂದು ಅನುಕೂಲ, ಮರದ ಅಚ್ಚನ್ನು ಅಕ್ಷರದ ಮೊಳೆಗಳ ಜೊತೆಗೇ ಇಟ್ಟು ಒಂದೇ ಸಲ ಒತ್ತಬಹುದು. ಖರ್ಚು ಕಡಿಮೆ. ಅದಕ್ಕೇ ಚಿತ್ರ ಕದಿಯುವುದೂ ಜಾಸ್ತಿ. ಲಂಡನ್ನಿನಲ್ಲಿ 1607ರಲ್ಲಿ ಎಡ್ವರ್ಡ್ ಟಾಪ್ಸೆಲ್ ಎಂಬ ಪಾದ್ರಿ ತಂದ ನಾಲ್ಕು ಕಾಲಿನ ಪ್ರಾಣಿಗಳ ಪುಸ್ತಕದಲ್ಲಿ ಬಹುಪಾಲು ಗೆಸ್ನರ್‌ನ ಚಿತ್ರಗಳನ್ನೇ ನೋಡಿ ಕೆತ್ತಿದವು. ಅಚ್ಚಾದ ಚಿತ್ರವನ್ನು ಹಾಗೇ ನೋಡಿ ಹಲಗೆಗೆ ಬರೆದರೆ ಒತ್ತಿದಾಗ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ. ಹಳೇ ಪುಸ್ತಕಗಳಲ್ಲಿ ಒಂದೇ ಪ್ರಾಣಿ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಮುಖ ಮಾಡಿದ್ದರೆ, ಎರಡನೆಯದು ನಕಲು ಅಂತ ಅನುಮಾನ ಪಡಬಹುದು.

ಕೊಯ್ದು ನೋಡಿದವರು

ಇದಾದ ಮೇಲೆ ಬೀವರ್ ಪ್ಯಾರಿಸ್ಸಿನ ಮೇಜಿಗೆ ಬಂತು, ಈ ಸಲ ನಿಜವಾಗಿ. 1669ರಲ್ಲಿ ಅಲ್ಲಿಯ ವಿಜ್ಞಾನ ಅಕಾಡೆಮಿಯ ಕ್ಲೋದ್ ಪೆರೊ ಐದು ಪ್ರಾಣಿಗಳನ್ನು ಕೊಯ್ದು ನೋಡಿದ ವಿವರ ಪ್ರಕಟಿಸಿದ: ಊಸರವಳ್ಳಿ, ಬೀವರ್, ಒಂಟೆ, ಕರಡಿ, ಗೆಜೆಲ್ ಜಿಂಕೆ. ಪೆರೊ ವೈದ್ಯನೂ ಹೌದು, ಕಟ್ಟಡಗಳ ನಕ್ಷೆ ಮಾಡುವವನೂ ಹೌದು. ಲೂವ್ರ್ ಅರಮನೆಯ ಪೂರ್ವದ ಕಂಬಸಾಲಿನಲ್ಲಿ ಅವನ ಕೈ ಇದೆ. ಕೊನೆಗೆ ಒಂಟೆಯೊಂದನ್ನು ಕೊಯ್ಯುವಾಗ ಸೋಂಕು ತಗುಲಿ ತೀರಿಕೊಂಡನಂತೆ.

ಈ ಕೆಲಸ ಎರಡು ವರ್ಷದಲ್ಲಿ ಇನ್ನೂ ದೊಡ್ಡ ಪುಸ್ತಕವಾಯಿತು. ಅದರ ತಾಮ್ರದಚ್ಚಿನ ಚಿತ್ರಗಳು ನನಗೆ ತುಂಬ ಇಷ್ಟ. ಪುಟದ ಕೆಳಭಾಗದಲ್ಲಿ ಪ್ರಾಣಿ ಆರಾಮಾಗಿ ಬಯಲಲ್ಲಿ ನಿಂತಿರುತ್ತದೆ. ಮೇಲೆ ಅದೇ ಪ್ರಾಣಿಯ ಹೃದಯ, ಕರುಳು, ಮೂಳೆಗಳು ಬೇರೊಂದು ಹಾಳೆಯಲ್ಲಿ, ಆ ಹಾಳೆಯನ್ನು ಚಿತ್ರದ ಮೇಲೆ ತೂಗುಹಾಕಿದ ಹಾಗೆ. ಹಾಳೆಯ ಅಂಚು ಸುರುಳಿ ಸುತ್ತಿರುವುದನ್ನೂ ಬರೆದಿರುತ್ತಾರೆ. ಜೀವ ಇರುವಾಗ ಹೀಗಿತ್ತು, ಒಳಗೆ ಹೀಗಿದೆ. ಎರಡೂ ಒಂದೇ ಪುಟದಲ್ಲಿ, ಯಾವ ನೀತಿಯೂ ಇಲ್ಲದೆ.

ತಾಮ್ರದ ತಗಡಿನಲ್ಲಿ ಕೆಲಸ ಉಲ್ಟಾ. ಇಲ್ಲಿ ಗೆರೆಯನ್ನೇ ಕೊರೆಯುತ್ತಾರೆ, ಮಸಿ ಆ ಗೆರೆಯೊಳಗೆ ನಿಲ್ಲುತ್ತದೆ. ಕೂದಲಿನಷ್ಟು ತೆಳ್ಳಗಿನ ಗೆರೆ ಬರುತ್ತದೆ. ತುಪ್ಪಳ ಕೊನೆಗೂ ತುಪ್ಪಳದ ಹಾಗೆ ಕಂಡಿತು. ಆದರೆ ಇದಕ್ಕೆ ಬೇರೆ ಯಂತ್ರ, ಬೇರೆ ಹಾಳೆ ಬೇಕು. ಹಳೇ ಪುಸ್ತಕಗಳಲ್ಲಿ ಚಿತ್ರಗಳು ಪ್ರತ್ಯೇಕ ಪುಟಗಳಾಗಿ ಬರುವುದು ಇದರಿಂದ. ಮುಂದೆ ಅಂಗಡಿಯವರು ಪುಸ್ತಕ ಬಿಚ್ಚಿ ಚಿತ್ರದ ಹಾಳೆ ಮಾತ್ರ ಕಿತ್ತು ಮಾರಲು ಸುಲಭವಾದದ್ದೂ ಇದರಿಂದಲೇ.

1704ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿದ್ದ ಫ್ರೆಂಚ್ ವೈದ್ಯ ಮಿಶೆಲ್ ಸರಾಜಿನ್ ಬೀವರ್‌ನ ಅಂಗರಚನೆಯ ಬಗ್ಗೆ ಮಾಡಿದ ಕೆಲಸವೂ ಇದೇ ಅಕಾಡೆಮಿಯಲ್ಲಿ ಬಂತು. ಅಲ್ಲಿಗೆ ಬೀವರ್‌ನ ಒಳಗು ಗೊತ್ತಾಯಿತು, ಹೊರಗು ಗೊತ್ತಾಯಿತು. ಹಾಗಿದ್ದ ಮೇಲೆ 11 ವರ್ಷದ ನಂತರ ಮಾಲ್ ಹೆಗಲ ಮೇಲೆ ದಿಮ್ಮಿ ಯಾಕೆ ಹೊರಿಸಿದ?

ಮೂವರು ನಿಕೋಲಾಗಳು

ಉತ್ತರ: ಅವನ ಮೇಜಿನ ಮೇಲೆ ಇದ್ದದ್ದು ಸರಾಜಿನ್‌ನ ಬರಹ ಅಲ್ಲ, ಇನ್ನೊಂದು ನಕ್ಷೆ. ನಿಕೋಲಾ ದ ಫೆರ್ ಎಂಬ ಫ್ರೆಂಚ್ ನಕ್ಷೆಗಾರ 1698ರಲ್ಲಿ ಅಮೆರಿಕದ ದೊಡ್ಡ ಗೋಡೆನಕ್ಷೆ ಮಾಡಿದ್ದ. ಅದರಲ್ಲಿ ಬೀವರ್‌ಗಳ ಚಿತ್ರ ಬರೆದವನು ನಿಕೋಲಾ ಗೆರಾರ್. ಗೆರಾರ್‌ಗೆ ಆಧಾರ 1672ರಲ್ಲಿ ನಿಕೋಲಾ ದೆನಿ ಬರೆದ ಪುಸ್ತಕ. ಮೂವರೂ ನಿಕೋಲಾಗಳೇ. ದೆನಿ ಕೆನಡಾದ ಕರಾವಳಿಯಲ್ಲಿ ವರ್ಷಗಟ್ಟಲೆ ಮೀನು, ತುಪ್ಪಳ, ಮರದ ವ್ಯಾಪಾರ ಮಾಡಿದವನು. ಅವನು ಬೀವರ್‌ಗಳ ಕೆಲಸವನ್ನು ನಮ್ಮ ಸೈಟಿನ ಭಾಷೆಯಲ್ಲೇ ಹೇಳಿದ: ಬಡಗಿಗಳು, ಗಾರೆಯವರು, ಹೊರುವವರು, ಎಲ್ಲರ ಮೇಲೆ ಒಬ್ಬ ಮೇಸ್ತ್ರಿ. ಬರಹದಲ್ಲಿ ಅದು ಹೋಲಿಕೆಯಾಗಿ ಓದಿಸಿಕೊಳ್ಳಬಹುದು. ಗೆರಾರ್ ಅದನ್ನು ಚಿತ್ರ ಮಾಡಿದಾಗ ಹೋಲಿಕೆ ಹೋಗಿ ನಿಜವಾಗಿ ಬಡಗಿಗಳೇ ಬಂದರು. ‘ಹಾಗೆ’ ಅನ್ನುವ ಮಾತನ್ನು ಚಿತ್ರದಲ್ಲಿ ಬರೆಯಲು ಬರುವುದಿಲ್ಲ. ನನಗೆ ಇಡೀ ಕಥೆಯ ಕೀಲಿಕೈ ಇದೇ ಅನಿಸುತ್ತದೆ.

ಹಿಂದಿನ ನಯಾಗರವೂ ಕಡ ತಂದದ್ದೇ. 1697ರಲ್ಲಿ ಪಾದ್ರಿ ಲೂಯಿ ಹೆನೆಪಿನ್‌ನ ಪುಸ್ತಕದಲ್ಲಿ ಆ ಜಲಪಾತದ ಚಿತ್ರ ಮೊದಲ ಬಾರಿ ಅಚ್ಚಾಗಿತ್ತು. ಗೆರಾರ್ ಒಂದು ಪುಸ್ತಕದ ಬೀವರ್ ತಂದ, ಇನ್ನೊಂದು ಪುಸ್ತಕದ ಜಲಪಾತ ತಂದ, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿದ. ನಯಾಗರದಂಥ ಕಡೆ ಯಾವ ಬೀವರೂ ಒಡ್ಡು ಕಟ್ಟುವುದಿಲ್ಲ, ಕೊಚ್ಚಿ ಹೋಗುತ್ತದೆ. ಅವಕ್ಕೆ ಬೇಕಿರುವುದು ಸಣ್ಣ ತೊರೆ. ಮಾಲ್ ಆ ಚೌಕಟ್ಟನ್ನು ಹಾಗೇ ತನ್ನ ನಕ್ಷೆಗೆ ಇಳಿಸಿಕೊಂಡ. ಕೆಳಗೆ ಬೀವರ್‌ಗಳ ಶ್ರಮ, ಶಿಸ್ತು, ಕೈಚಳಕವನ್ನು ಹೊಗಳಿ ನಾಲ್ಕು ಮಾತು ಸೇರಿಸಿದ.

ನಕ್ಷೆಯಲ್ಲಿ ಬೀವರ್ ಯಾಕೆ ಬೇಕಿತ್ತು? ದುಡ್ಡು. ಬೀವರ್‌ನ ಒಳತುಪ್ಪಳದ ಎಳೆಗಳಲ್ಲಿ ಬರಿಗಣ್ಣಿಗೆ ಕಾಣದ ಸಣ್ಣ ಕೊಕ್ಕೆಗಳಿವೆ. ಒದ್ದೆ ಮಾಡಿ, ಬಿಸಿ ಮಾಡಿ ಒತ್ತಿದರೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾದ ಫೆಲ್ಟ್ ಆಗುತ್ತದೆ. ಯುರೋಪಿನ ಟೋಪಿಗೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಅಲ್ಲಿಯ ಬೀವರ್‌ಗಳು ಬಹುತೇಕ ಮುಗಿದಿದ್ದವು, ಬ್ರಿಟನ್ನಿನಲ್ಲಿ 16ನೇ ಶತಮಾನದ ಹೊತ್ತಿಗೆ ಪೂರ್ತಿಯಾಗಿ. ಹಾಗಾಗಿ ಕೆನಡಾ. 1670ರಲ್ಲಿ ಹುಟ್ಟಿದ ಹಡ್ಸನ್ಸ್ ಬೇ ಕಂಪನಿಯ ಲಾಂಛನದಲ್ಲಿ ನಾಲ್ಕು ಬೀವರ್‌ಗಳಿದ್ದವು. ಆ ಕಂಪನಿ ಸಾಮಾನಿನ ಬೆಲೆಯನ್ನೂ ಬೀವರ್ ಚರ್ಮದ ಲೆಕ್ಕದಲ್ಲೇ ಹೇಳುತ್ತಿತ್ತು. ಅತಿ ಬೇಡಿಕೆ ಇದ್ದದ್ದು ಅಲ್ಲಿಯ ಮೂಲನಿವಾಸಿಗಳು ಒಂದೆರಡು ಚಳಿಗಾಲ ಮೈಮೇಲೆ ಹೊದ್ದು ಬಿಟ್ಟ ಹಳೇ ಚರ್ಮಕ್ಕೆ. ಮೈಯ ಉಜ್ಜಾಟಕ್ಕೆ ಮೇಲಿನ ಒರಟು ಕೂದಲು ಉದುರಿ, ಫೆಲ್ಟಿಗೆ ಬೇಕಾದ ಒಳತುಪ್ಪಳ ಮಾತ್ರ ಉಳಿದಿರುತ್ತಿತ್ತು.

ಲಂಡನ್, ಪ್ಯಾರಿಸ್ಸಿನವರು ಬೀವರ್ ಅಂತ ದಿನಾ ಮುಟ್ಟುತ್ತಿದ್ದದ್ದು ಈ ಚರ್ಮವನ್ನು, ತಲೆಯ ಮೇಲಿನ ಟೋಪಿಯನ್ನು. ಜೀವಂತ ಪ್ರಾಣಿಯನ್ನು ಕಂಡವರು ಬೆರಳೆಣಿಕೆ. ಅಂಥ ಕಡೆ ‘ಅಲ್ಲಿ ಪ್ರಾಣಿಗಳೇ ಶಿಸ್ತಾಗಿ ದುಡಿಯುತ್ತವೆ ನೋಡಿ’ ಅನ್ನುವ ಚಿತ್ರ ನಕ್ಷೆಗೆ ಒಳ್ಳೇ ಜಾಹೀರಾತು. ಅದೇ ನಕ್ಷೆ ಹಿಡಿದು ಹೋದವರು ಆ ಪ್ರಾಣಿಗಳನ್ನು ಏನು ಮಾಡಿದರು ಅನ್ನುವುದು ಚಿತ್ರದಲ್ಲಿಲ್ಲ.

ಹಂದಿ ಅಂದರು, ಇಲಿ ಅಂದರು

ಈ ಗೊಂದಲ ಬೀವರ್‌ಗೆ ಮಾತ್ರ ಅಲ್ಲ. ನೀರಿನಲ್ಲೂ ನೆಲದಲ್ಲೂ ಇರುವ ದಂಶಕಗಳೆಲ್ಲ ಪಂಡಿತರನ್ನು ಕಾಡಿವೆ. ಕ್ಯಾಪಿಬಾರಾದ ಚಿತ್ರ 1648ರಲ್ಲೇ ಬ್ರೆಜಿಲ್ ಬಗೆಗಿನ ಗ್ರಂಥವೊಂದರಲ್ಲಿ ಬಂದಿತ್ತು. ಆದರೂ 1766ರಲ್ಲಿ, ಜೀವಿಗಳನ್ನು ಕುಲಗಳಾಗಿ ವಿಂಗಡಿಸಿದ ಸ್ವೀಡನ್ನಿನ ಪಂಡಿತ ಲಿನೇಯಸ್ ಅದನ್ನು ಹಂದಿಗಳ ಕುಲಕ್ಕೆ ಸೇರಿಸಿದ. ಅದೇ ವರ್ಷ ಮಸ್ಕ್‌ರಾಟ್ ಎಂಬ ಜವುಗಿನ ಪ್ರಾಣಿಯನ್ನು ಬೀವರ್ ಕುಲಕ್ಕೆ ಹಾಕಿದ. ದಕ್ಷಿಣ ಅಮೆರಿಕದ ಕೊಯ್ಪು ಎಂಬ ಇಂಥದ್ದೇ ದಂಶಕವನ್ನು ಚಿಲಿಯ ಪಾದ್ರಿ ಮೊಲಿನಾ 1782ರಲ್ಲಿ ಇಲಿ ಅಂದ. ಹತ್ತು ವರ್ಷದಲ್ಲಿ ಇನ್ನೊಬ್ಬ ಅದಕ್ಕೆ ಕೊಟ್ಟ ಕುಲನಾಮದ ಅರ್ಥ ‘ಇಲಿ-ಬೀವರ್’. ಬ್ರಿಟಿಷರಂತೂ ಇಲ್ಲಿ ನಮ್ಮ ಮನೆಯ ಸುಂಡಿಲಿಯನ್ನೇ ಮಸ್ಕ್‌ರಾಟ್ ಅಂತ ಕರೆದುಕೊಂಡಿದ್ದರು. ಸುಂಡಿಲಿ ಇಲಿಯೇ ಅಲ್ಲ, ಹುಳ ತಿನ್ನುವ ಬೇರೆ ಗುಂಪಿನದು. ವಾಸನೆ ಒಂದು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ಕೊನೆಗೆ ಪ್ರಾಣಿಯನ್ನೇ ನೋಡಿ ಬರೆದದ್ದು ಯಾವಾಗ? ಪ್ಯಾರಿಸ್ಸಿನಲ್ಲಿ, ಪ್ರಾಣಿಗಳ ಬಗ್ಗೆ ಸಂಪುಟಗಟ್ಟಲೆ ಬರೆದ ಬಫಾನ್ ಎಂಬ ಪಂಡಿತ ಕೆನಡಾದಿಂದ ಬಂದ ಒಂದು ಎಳೆ ಬೀವರನ್ನು ಸಾಕಿದ್ದ. ನೀರಿಗೆ ಇಳಿಯಲೇ ಹೆದರುತ್ತಿದ್ದ, ಸಪ್ಪಗಿದ್ದ ಪ್ರಾಣಿ ಅದು. ಒಡ್ಡೂ ಇಲ್ಲ, ಮೇಸ್ತ್ರಿಯೂ ಇಲ್ಲ. 1760ರಲ್ಲಿ ಬಂದ ಅವನ ಸಂಪುಟದ ಬೀವರ್ ಒಂಟಿಯಾಗಿದೆ, ನಾಲ್ಕೂ ಕಾಲು ನೆಲದ ಮೇಲಿವೆ.

ಚೆಲುವಿನಲ್ಲಿ ಇವೆಲ್ಲವನ್ನೂ ಮೀರಿಸಿದ್ದು ಅಮೆರಿಕದ ಜಾನ್ ಜೇಮ್ಸ್ ಆಡುಬಾನ್ ತಂಡದ ಚಿತ್ರ. 1845ರಿಂದ 1848ರ ನಡುವೆ ಉತ್ತರ ಅಮೆರಿಕದ ಪ್ರಾಣಿಗಳ 150 ಚಿತ್ರಗಳು ಬಂದವು, ಒಂದೊಂದು ಹಾಳೆ ಸುಮಾರು 28 ಅಂಗುಲ ಉದ್ದ, 22 ಅಂಗುಲ ಅಗಲ. 46ನೆಯದು ಬೀವರ್. ಇದು ಕಲ್ಲಚ್ಚು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಬರೆದು, ನೀರು ಮತ್ತು ಜಿಡ್ಡು ಸೇರದ ಗುಣದಿಂದಲೇ ಅಚ್ಚು ತೆಗೆಯುವ ವಿಧಾನ. ಕೊರೆಯುವುದಿಲ್ಲ, ಕೆತ್ತುವುದಿಲ್ಲ. ಬಳಪದ ಮೆತ್ತನೆ ಗುರುತು ಹಾಗೇ ಇಳಿಯುವುದರಿಂದ ತುಪ್ಪಳವನ್ನು ಮುಟ್ಟಬೇಕು ಅನಿಸುತ್ತದೆ. ಬಣ್ಣ ಕೈಯಲ್ಲಿ ಹಚ್ಚಿದ್ದು. ಇಲ್ಲಿ ಬೀವರ್ ಬಾಯಿ ತೆರೆದು ಮರಕ್ಕೆ ಹಲ್ಲು ಹಾಕಿದೆ, ಆ ಹಲ್ಲಿಗೆ ಕಿತ್ತಳೆ ಬಣ್ಣ ಬಂದಿದೆ.

ಹಳೇ ಚಿತ್ರದ ಹಾಳೆ ಕೈಗೆ ಸಿಕ್ಕರೆ ಹೀಗೆ ನೋಡಿ. ಚಿತ್ರದ ಜೊತೆಗೇ, ಅದೇ ಮಸಿಯಲ್ಲಿ ಅಕ್ಷರಗಳ ಸಾಲು ಇದ್ದರೆ ಮರದಚ್ಚು ಇರಬಹುದು. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಕ್ಕರೆ ತಾಮ್ರದಚ್ಚು. ಎರಡೂ ಇಲ್ಲದೆ ಬಳಪದ ಧೂಳಿನಂಥ ನೆರಳಿದ್ದರೆ ಕಲ್ಲಚ್ಚು. ಭೂತಗನ್ನಡಿ ಹಿಡಿದಾಗ ಬಣ್ಣವೆಲ್ಲ ಒಂದೇ ಸಮ ಚುಕ್ಕಿ ಚುಕ್ಕಿಯಾಗಿ ಕಂಡರೆ ದುಡ್ಡು ಕೊಡಬೇಡಿ, ಅದು ಇತ್ತೀಚಿನ ಮರುಮುದ್ರಣ. ಕೈಯ ಬಣ್ಣವಾದರೆ ಅಲ್ಲಲ್ಲಿ ಗೆರೆ ದಾಟಿ ಹರಿದಿರುತ್ತದೆ.

ಮತ್ತೆ ಆ ನಕ್ಷೆಗೆ ಬರುತ್ತೇನೆ, ಈ ಸಲ 1698ರದ್ದಕ್ಕೆ. ಗೆರಾರ್‌ನ ಚಿತ್ರದಲ್ಲಿ ಪ್ರತಿ ಗುಂಪಿಗೂ ಒಂದು ಅಕ್ಷರ ಕೊಟ್ಟು ಪಕ್ಕದಲ್ಲಿ ವಿವರ ಕೊಟ್ಟಿದ್ದಾರೆ. ಮರ ಕಡಿಯುವವರು, ರೆಂಬೆ ಸವರುವ ಬಡಗಿಗಳು, ದಿಮ್ಮಿ ಹೊರುವವರು, ಗಾರೆ ಕಲಸುವವರು, ಬಾಲದ ಮೇಲೆ ಎಳೆಯುವವರು, ಬಾಲದಿಂದ ತಟ್ಟಿ ಗಟ್ಟಿ ಮಾಡುವವರು, ಮೇಸ್ತ್ರಿ. ಪಟ್ಟಿಯ ನಡುವೆ ಇನ್ನಿಬ್ಬರಿದ್ದಾರೆ. ಒಬ್ಬ, ದುಡಿಯಲಾಗದವರನ್ನು ವಿಚಾರಿಸಿಕೊಳ್ಳುವ ಮೇಲ್ವಿಚಾರಕ. ಇನ್ನೊಬ್ಬನ ವಿವರ ಇಷ್ಟೇ: ಕೆಲಸ ಜಾಸ್ತಿಯಾಗಿ ಬಾಲ ಕೆಟ್ಟುಹೋದ ಬೀವರ್. ಬಾಲದಲ್ಲಿ ಗಾರೆ ಹೊರುವುದೇ ಸುಳ್ಳು, ಇನ್ನು ಹೊತ್ತು ಹೊತ್ತು ಬಾಲ ಕೆಡುವುದೆಲ್ಲಿ ಬಂತು? ಆದರೂ ಅದಕ್ಕೂ ಒಂದು ಅಕ್ಷರ ಕೊಟ್ಟು, ಸೈಟಿನ ಗದ್ದಲದ ನಡುವೆ ಸ್ವಲ್ಪ ಜಾಗ ಬಿಟ್ಟಿದ್ದಾನೆ ಗೆರಾರ್.